ಕರಪತ್ರ ಸಾಕು, ಕಥೆ ಕೊಡಿ!



ನಾನು ಪಂಡಿತನಲ್ಲ. ಪಿಯುಸಿಗೆ ಓದು ನಿಲ್ಲಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಮಸಿ ಮೆತ್ತಿದ ಕೈಯಲ್ಲೇ ನಿಮಗೆ ನಮಸ್ಕಾರ.

ಅಕ್ಟೋಬರ್ ಕೊನೆ ಬಂತೆಂದರೆ ನನಗೆ ಉಸಿರಾಡಲೂ ಪುರುಸೊತ್ತಿಲ್ಲ. ರಾಜ್ಯೋತ್ಸವದ ಕರಪತ್ರ, ಆಹ್ವಾನ ಪತ್ರಿಕೆ, ಚಂದಾ ರಸೀದಿ! ಡಿಸೆಂಬರ್ ಬಂದರೆ ಮಷೀನ್ ತಣ್ಣಗೆ. "ಹುಡುಗರು ಓದುವಂಥ ಒಂದು ಪುಸ್ತಕ ಅಚ್ಚು ಹಾಕಿಕೊಡಿ" ಎಂದು ಇಷ್ಟು ವರ್ಷದಲ್ಲಿ ಒಂದು ಸಂಘದವರೂ ನನ್ನ ಬಾಗಿಲಿಗೆ ಬಂದಿಲ್ಲ. ವೇದಿಕೆ ಹತ್ತಿದರೆ ಮಾತ್ರ ಎಲ್ಲರದೂ ಒಂದೇ ಗೋಳು: "ಇಂದಿನ ಯುವಕರು ಕನ್ನಡ ಓದುವುದಿಲ್ಲ!"

ಓದಲು ನಾವೇನು ಕೊಟ್ಟಿದ್ದೇವೆ ಸ್ವಾಮಿ?

ನನಗೆ ಓದಿನ ಹುಚ್ಚು ಹಿಡಿಸಿದ್ದು ಪಠ್ಯಪುಸ್ತಕವಲ್ಲ, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಬಾಡಿಗೆ ಲೈಬ್ರರಿಯಿಂದ ತಂದು, ಲೆಕ್ಕದ ಪುಸ್ತಕದೊಳಗೆ ಬಚ್ಚಿಟ್ಟು ಓದಿದೆ. ದೊಡ್ಡವರು ಮೂಗು ಮುರಿದರು. ಮುರಿಯಲಿ ಬಿಡಿ! ಆ ಮೆಟ್ಟಿಲು ಹತ್ತಿದ್ದರಿಂದಲೇ ಮುಂದೆ ಪೂರ್ಣಚಂದ್ರ ತೇಜಸ್ವಿಯವರ ಕೈಗೆ ಸಿಕ್ಕಿದೆ.

ತೇಜಸ್ವಿ ಏನು ಮಾಡಿದರು ನೋಡಿ. 1980ರ 'ಕರ್ವಾಲೊ'ದಲ್ಲಿ ನಮ್ಮನ್ನು ಹಾರುವ ಓತಿಯ ಬೆನ್ನಟ್ಟಿಸಿ ವಿಜ್ಞಾನ ಹೇಳಿದರು. 1994ರ 'ಜುಗಾರಿ ಕ್ರಾಸ್'ನಲ್ಲಿ ಏಲಕ್ಕಿ ಮಾರಲು ಹೊರಟ ಗಂಡ ಹೆಂಡಿರನ್ನು ಗಂಡಾಂತರಕ್ಕೆ ಸಿಕ್ಕಿಸಿ, ಮಲೆನಾಡಿನ ಕಳ್ಳದಂಧೆಗಳನ್ನು ಬಿಚ್ಚಿಟ್ಟರು. ಇದು ಥ್ರಿಲ್ಲರೋ, ಸಾಹಿತ್ಯವೋ? ಓದುಗ ಕೇಳಲಿಲ್ಲ. ಪುಟ ತಿರುಗಿಸುತ್ತಾ ಹೋದ!

ಅವರಿಗೂ ಹಿಂದೆ ಗಳಗನಾಥರು ತಮ್ಮ ಕಾದಂಬರಿಗಳ ಗಂಟು ತಲೆ ಮೇಲೆ ಹೊತ್ತು ಊರೂರು ಸುತ್ತಿ ಮಾರಿದರು. ಓದುಗ ತಾನಾಗಿ ಬರಲಿ ಎಂದು ಕಾಯುತ್ತಾ ಕೂರಲಿಲ್ಲ.

ಈಗ ನನ್ನ ಮನೆ ಮಾತು. ಕಾಲೇಜಿಗೆ ಹೋಗುವ ಮಗಳು ಮೊಬೈಲಿನಲ್ಲಿ ಜಪಾನಿನ ಚಿತ್ರಕಥೆಗಳನ್ನು ಇಂಗ್ಲಿಷಿನಲ್ಲಿ ಓದುತ್ತಾಳೆ. ಒಂದು ರಾತ್ರಿ ಗದರಿದೆ. "ಇಂಥದ್ದೇ ಕನ್ನಡದಲ್ಲಿ ತಂದುಕೊಡಪ್ಪಾ, ಈಗಲೇ ಓದ್ತೀನಿ" ಅಂದಳು. ಊರಿನ ಕನ್ನಡವೆಲ್ಲ ಅಚ್ಚು ಹಾಕುವ ನನ್ನ ಬಾಯಿ ಕಟ್ಟಿಹೋಯಿತು.

ಗೆಳೆಯರೇ, ದೊಡ್ಡ ಗ್ರಂಥವೇ ಬೇಕಿಲ್ಲ. ಒಂದು ಡೆಮಿ ಹಾಳೆ ತೆಗೆದುಕೊಳ್ಳಿ. ಎರಡೂ ಬದಿ ಅಚ್ಚು ಹಾಕಿ, ಮೂರು ಸಲ ಮಡಿಸಿ, ಪಿನ್ ಹೊಡೆದು ಅಂಚು ಕತ್ತರಿಸಿದರೆ 16 ಪುಟದ ಪುಸ್ತಕ. ಅದರಲ್ಲಿ ಒಂದು ದೆವ್ವದ ಕಥೆ ಹಿಡಿಯುತ್ತದೆ. ಹಾಸ್ಟೆಲ್ ಹುಡುಗಿಯ ದಿನಚರಿ ಹಿಡಿಯುತ್ತದೆ. ರಾತ್ರಿ ಪಾಳಿಯ ಹುಡುಗನ ಪ್ರೇಮಪತ್ರ, ಬೀದಿ ನಾಟಕ, ಮೆಟ್ರೋದಲ್ಲಿ ನಡೆದ ಕೊಲೆಯ ಚಿತ್ರಕಥೆ, ಯಾವುದಾದರೂ ಆಗಲಿ! ನೀವು ಆಡುವ ಕನ್ನಡದಲ್ಲೇ ಬರೆಯಿರಿ. ಚಿತ್ರ ಬರೆಯಬಲ್ಲ ಗೆಳೆಯನನ್ನು ಜೊತೆಗೆ ಕರೆತನ್ನಿ.

ಈ ನವೆಂಬರಿನಲ್ಲಿ ಒಂದು ಫ್ಲೆಕ್ಸ್ ಕಡಿಮೆ ಮಾಡಿ, ಆ ದುಡ್ಡಿಗೆ ಕಾಗದ, ಪ್ಲೇಟು ತನ್ನಿ. ಮೊದಲ ಪುಸ್ತಕದ ಅಚ್ಚಿನ ಕೂಲಿ ನನಗೆ ಬೇಡ. ಮೊದಲ ಪ್ರತಿ ಮಾತ್ರ ಕೊಡಿ, ಮಗಳಿಗೆ ಉತ್ತರ ಕೊಡಬೇಕಿದೆ.

ಅಂಗಡಿ ಬೋರ್ಡಿನ ಮೇಲೆ ಕನ್ನಡ ಇರಲೇಬೇಕು. ನಿಮ್ಮ ದಿಂಬಿನ ಪಕ್ಕದಲ್ಲೂ ಇರಲಿ!

ಸಿರಿಗನ್ನಡಂ ಗೆಲ್ಗೆ!