ದೇವರ ಹೆಸರಿನಲ್ಲಿ ಬರೆದ ದಾನಪತ್ರ

(ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಧರ್ಮವು ಲೋಕಕ್ಕೆ ಮಾಡಿದ ಉಪಕಾರವನ್ನು ಇಂತಹ ಮಹೋತ್ಸವಗಳಲ್ಲಿ ಕೊಂಡಾಡುವುದು ವಾಡಿಕೆಯಾಗಿರುವುದಷ್ಟೆ. ನಾನಾದರೋ ಇಂದು ಅದರ ಮತ್ತೊಂದು ಮಗ್ಗುಲನ್ನು, ಎಂದರೆ ಧರ್ಮದ ಮುದ್ರೆಯು ಅಧಿಕಾರದ ಕೈಗೆ ಸಿಕ್ಕಿದಾಗ ಏನಾಗುವುದೆಂಬುದನ್ನು, ತಮ್ಮಲ್ಲಿ ಅರಿಕೆಮಾಡಿಕೊಳ್ಳಬೇಕೆಂದಿರುವೆನು. ಇದಕ್ಕೆ ಅಮೆರಿಕಾ ಖಂಡದ ಮೂಲನಿವಾಸಿಗಳ ಇತಿಹಾಸವೇ ನಿದರ್ಶನ.

ಖಡ್ಗಬಲದಿಂದ ಪರರಾಜ್ಯವನ್ನು ಗೆದ್ದವರು ಎಲ್ಲ ಕಾಲಗಳಲ್ಲಿಯೂ ಇದ್ದರು. ಆದರೆ ಹದಿನೈದನೆಯ ಶತಮಾನದ ಯೂರೋಪಿನಲ್ಲಿ, ಅನ್ಯಮತೀಯರ ನೆಲವನ್ನು ಕ್ರೈಸ್ತ ದೊರೆಯು ಹಿಡಿಯುವುದು ಪಾಪವಲ್ಲ, ದೈವಕಾರ್ಯ ಎಂಬ ಭಾವನೆಯು ಶಾಸನರೂಪವನ್ನು ತಾಳಿತು. 1452ರಲ್ಲಿ ಪೋಪ್ ಐದನೆಯ ನಿಕೊಲಾಸನು ಪೋರ್ತುಗಲ್ಲಿನ ಅರಸನಿಗೆ, ಮುಸಲ್ಮಾನರನ್ನೂ ಇತರ ಅನ್ಯಮತೀಯರನ್ನೂ ಜಯಿಸಿ, ಅವರ ಸ್ವತ್ತನ್ನು ವಶಪಡಿಸಿಕೊಂಡು, ಅವರನ್ನು ಶಾಶ್ವತವಾದ ದಾಸ್ಯಕ್ಕೆ ಗುರಿಮಾಡಲು ಅಪ್ಪಣೆಯಿತ್ತನು. 1455ರ ಮತ್ತೊಂದು ಶಾಸನವು ಆಫ್ರಿಕದ ಕರಾವಳಿಯನ್ನೂ ಅಲ್ಲಿಂದ ಹಿಂದೂದೇಶದತ್ತ ಸಾಗುವ ಸಮುದ್ರಮಾರ್ಗವನ್ನೂ ಅದೇ ರಾಜ್ಯಕ್ಕೆ ಮೀಸಲಿಟ್ಟಿತು. 1510ರಲ್ಲಿ ಗೋವೆಯು ಪೋರ್ತುಗೀಜರ ವಶವಾದುದೂ, 1560ರಲ್ಲಿ ಅಲ್ಲಿ ಮತವಿಚಾರಣೆಯ ನ್ಯಾಯಾಲಯವು ಸ್ಥಾಪಿತವಾದುದೂ, ಅಲ್ಲಿಂದ ಅನೇಕ ಕುಟುಂಬಗಳು ನಮ್ಮ ಕನ್ನಡ ಕರಾವಳಿಗೆ ಬಂದು ನೆಲಸಿದುದೂ ಇದೇ ಕಥೆಯ ಒಂದು ಕವಲು. ಕಾರಣ, ಇದು ನಮಗೆ ತೀರ ದೂರದ ಮಾತಲ್ಲ.

ಇತ್ತ ಕೊಲಂಬಸನು 1492ರಲ್ಲಿ ಕೆರಿಬಿಯನ್ ದ್ವೀಪಗಳನ್ನು ಮುಟ್ಟಿದನು. ಮರು ವರ್ಷವೇ ಪೋಪ್ ಆರನೆಯ ಅಲೆಕ್ಸಾಂಡರನು ಅಟ್ಲಾಂಟಿಕ್ ಸಾಗರದಲ್ಲಿ ಒಂದು ರೇಖೆಯನ್ನು ಕಲ್ಪಿಸಿ, ಅದರ ಪಶ್ಚಿಮಕ್ಕಿದ್ದು ಕ್ರೈಸ್ತ ದೊರೆಗಳ ಕೈಯಲ್ಲಿಲ್ಲದ ನೆಲವನ್ನೆಲ್ಲ ಸ್ಪೇನಿನ ಅರಸರಿಗೆ ದಾನಮಾಡಿದನು. ಕೊಟ್ಟವನೂ ಆ ನೆಲವನ್ನು ಕಂಡವನಲ್ಲ, ಪಡೆದವರೂ ಕಂಡವರಲ್ಲ; ತಲತಲಾಂತರದಿಂದ ಅಲ್ಲಿ ಬಾಳುತ್ತಿದ್ದವರನ್ನಂತೂ ಒಬ್ಬರೂ ಕೇಳಲಿಲ್ಲ.

ಈ ದಾನಪತ್ರವು ಆಚರಣೆಗೆ ಬಂದ ಬಗೆಯನ್ನು ಲಾಲಿಸಬೇಕು. 1513ರಲ್ಲಿ ಸ್ಪೇನಿನ ಆಸ್ಥಾನದ ಪಂಡಿತರು ಒಂದು ಘೋಷಣಾಪತ್ರವನ್ನು ರಚಿಸಿಕೊಟ್ಟರು. ದೇವರು ಜಗತ್ತನ್ನು ಸೃಷ್ಟಿಸಿದನೆಂದೂ, ಪೋಪನು ಆತನ ಪ್ರತಿನಿಧಿಯೆಂದೂ, ಆತನು ಈ ನೆಲವನ್ನು ಸ್ಪೇನಿನ ಅರಸರಿಗೆ ಕೊಟ್ಟಿರುವನೆಂದೂ, ಒಪ್ಪದಿದ್ದರೆ ಯುದ್ಧಮಾಡಿ ಹೆಂಡಿರು ಮಕ್ಕಳನ್ನು ಸೆರೆಹಿಡಿಯುವೆವೆಂದೂ, ಅದರ ದೋಷವು ಒಪ್ಪದವರದೇ ಎಂದೂ ಅದರ ಸಾರಾಂಶ. ದಂಡಿನವರು ಆಕ್ರಮಣಕ್ಕೆ ಮುನ್ನ ಇದನ್ನು ಓದಿ, ಕರಣಿಕನಿಂದ ಸಾಕ್ಷಿ ಬರೆಯಿಸಿಕೊಳ್ಳಬೇಕಾಗಿತ್ತು. ಕೇಳುವವರಿಗೆ ಆ ಭಾಷೆಯೇ ತಿಳಿಯದು. ಜನರು ಓಡಿಹೋಗಿ ಬರಿದಾದ ಊರುಗಳ ಮುಂದೆಯೂ ಅದನ್ನು ಓದಿದರು. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದೆಂದು ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಪಾದ್ರಿಯೇ ಬರೆದಿಟ್ಟನು.

ಆ ಧರ್ಮದಲ್ಲಿ ಮನಸ್ಸಾಕ್ಷಿಯುಳ್ಳವರು ಇರಲಿಲ್ಲವೆಂದಲ್ಲ. 1511ರಲ್ಲಿಯೇ ಆಂತೋನಿಯೋ ದೆ ಮೊಂತೆಸಿನೋಸ್ ಎಂಬ ಸಂನ್ಯಾಸಿಯು ಹಿಸ್ಪಾನಿಯೋಲಾ ದ್ವೀಪದಲ್ಲಿ, ಅಧಿಕಾರಿಗಳು ಎದುರಿಗೆ ಕುಳಿತಿರುವಾಗಲೇ, ಈ ಕ್ರೌರ್ಯವನ್ನು ಖಂಡಿಸಿ ಉಪದೇಶ ಮಾಡಿದನು. ಲಾಸ್ ಕಾಸಾಸನು ತನ್ನ ಪಾಲಿಗೆ ಬಂದಿದ್ದ ಜೀತದಾಳುಗಳನ್ನು 1514ರಲ್ಲಿ ಬಿಟ್ಟುಕೊಟ್ಟು, ಮುಂದೆ ಜೀವಮಾನವೆಲ್ಲ ಅವರ ಪಕ್ಷವಾಗಿ ವಾದಿಸಿದನು. 1537ರಲ್ಲಿ ಪೋಪ್ ಮೂರನೆಯ ಪೌಲನು, ಆ ಜನರ ಸ್ವಾತಂತ್ರ್ಯವನ್ನೂ ಸ್ವತ್ತನ್ನೂ ಅಪಹರಿಸಕೂಡದೆಂದು ಸಾರಿದನು. ಆದರೂ ಅಪಹರಣವು ನಿಲ್ಲಲಿಲ್ಲ. ಒಮ್ಮೆ ಒತ್ತಿದ ಮುದ್ರೆಯನ್ನು ಅಳಿಸುವುದು ಅಷ್ಟು ಸುಲಭವಲ್ಲ.

ಪೋಪನ ಅಧಿಕಾರವನ್ನು ತೊರೆದ ಜನಾಂಗಗಳೂ ಈ ವಾದವನ್ನು ಮಾತ್ರ ತೊರೆಯಲಿಲ್ಲ. 1823ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ಲನು, ನೆಲದ ಒಡೆತನವು ಅದನ್ನು ಕಂಡುಹಿಡಿದ ಕ್ರೈಸ್ತ ರಾಜ್ಯಕ್ಕೆ ಸೇರಿದುದೆಂದೂ, ಮೂಲನಿವಾಸಿಗಳಿಗೆ ವಾಸಿಸುವ ಹಕ್ಕಷ್ಟೇ ಉಳಿಯಿತೆಂದೂ ತೀರ್ಪಿತ್ತನು. ಈ ವಾದವು ಅತಿಯಾದುದೆಂದು ಕಂಡರೂ, ಗೆದ್ದವರ ನ್ಯಾಯಾಲಯವು ಅದನ್ನು ಅಲ್ಲಗಳೆಯಲಾರದೆಂಬುದನ್ನೂ ಆತನೇ ಒಪ್ಪಿಕೊಂಡನು. ಏಳು ವರ್ಷಗಳ ತರುವಾಯ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯ ಆಚೆಗೆ ಸಾಗಿಸುವ ಕಾನೂನು ಬಂದಿತು. ಚೆರೋಕೀ ಜನರು ತಮ್ಮ ನುಡಿಗೆ ಸ್ವಂತ ಲಿಪಿಯನ್ನು ಮಾಡಿಕೊಂಡು ಪತ್ರಿಕೆಯನ್ನು ಹೊರಡಿಸಿದ್ದರು. ಅವರಲ್ಲಿ ಅನೇಕರು ಕ್ರೈಸ್ತಮತವನ್ನೂ ಸ್ವೀಕರಿಸಿದ್ದರು. ಆದರೂ 1838-39ರಲ್ಲಿ ಸುಮಾರು 16,000 ಮಂದಿಯನ್ನು ಸೈನಿಕರು ಮನೆಗಳಿಂದ ಹೊರಡಿಸಿದರು. ಶಿಬಿರಗಳಲ್ಲಿಯೂ ದಾರಿಯಲ್ಲಿಯೂ ಸುಮಾರು 4,000 ಮಂದಿ ಮಡಿದರೆಂದು ಅಂದಾಜು. ಮತವು ನೆಪವಾಗಿದ್ದಿತು, ಬೇಕಾಗಿದ್ದುದು ನೆಲ ಎಂಬುದಕ್ಕೆ ಬೇರೆ ಪ್ರಮಾಣವೇಕೆ?

ನೆಲದ ಬಳಿಕ ಮಕ್ಕಳ ಸರದಿ. ಕೆನಡಾ ದೇಶದಲ್ಲಿ ಸರ್ಕಾರದ ಹಣದಿಂದ ಕ್ರೈಸ್ತಸಂಸ್ಥೆಗಳು ವಸತಿಶಾಲೆಗಳನ್ನು ನಡೆಸಿದವು. ಅವುಗಳಿಗೆ 1,50,000ಕ್ಕೂ ಮಿಕ್ಕಿದ ಮಕ್ಕಳನ್ನು ಒಯ್ದು, ಕೂದಲನ್ನು ಕತ್ತರಿಸಿ, ತಾಯ್ನುಡಿಯನ್ನಾಡಿದರೆ ದಂಡಿಸಿದರು. ಸಾವಿರಾರು ಮಕ್ಕಳು ಮನೆಗೆ ಮರಳಲಿಲ್ಲ. 2015ರಲ್ಲಿ ಅಲ್ಲಿಯ ಸತ್ಯಶೋಧನ ಆಯೋಗವು ಇದನ್ನು ಸಾಂಸ್ಕೃತಿಕ ನರಮೇಧವೆಂದು ಕರೆಯಿತು. 2022ರಲ್ಲಿ ಪೋಪ್ ಫ್ರಾನ್ಸಿಸರು ಅಲ್ಲಿಗೇ ಹೋಗಿ ಕ್ಷಮೆ ಬೇಡಿದರು. 2023ರ ಮಾರ್ಚಿಯಲ್ಲಿ ವ್ಯಾಟಿಕನ್ ಈ ಸಿದ್ಧಾಂತವನ್ನು ನಿರಾಕರಿಸಿತು. ಮೊದಲ ಶಾಸನದಿಂದ ಈ ನಿರಾಕರಣೆಯವರೆಗೆ 571 ವರ್ಷಗಳು! 1823ರ ತೀರ್ಪಾದರೋ ಇನ್ನೂ ರದ್ದಾಗಿಲ್ಲ.

ಸದ್ಭಕ್ತರೇ, ಅನ್ಯಮತವನ್ನು ಹಳಿಯುವುದು ಈ ಮಾತುಗಳ ಉದ್ದೇಶವಲ್ಲ. ಯಾವ ಧರ್ಮಪೀಠದ ಮಾತಿಗಾದರೂ ಜನರು ತಲೆಬಾಗುವರು. ಆ ಕಾರಣದಿಂದಲೇ ಆ ಮಾತಿನ ಹೊಣೆಯು ದೊಡ್ಡದು. ಇನ್ನೊಬ್ಬರ ನೆಲ, ನುಡಿ, ಮಕ್ಕಳ ವಿಷಯದಲ್ಲಿ ದೇವರ ಹೆಸರನ್ನು ಯಾರಾದರೂ ಎತ್ತಿದಾಗ, ಇದರಿಂದ ಲಾಭ ಯಾರಿಗೆ, ಅಲ್ಲಿ ಬಾಳುತ್ತಿರುವವರನ್ನು ಕೇಳಿರುವರೇ ಎಂದು ವಿಚಾರಿಸುವುದು ಭಕ್ತರ ಕರ್ತವ್ಯ. ತಪ್ಪನ್ನು ತಪ್ಪೆಂದು ಹೇಳುವುದು ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲು ಮಾತ್ರ. ಕಸಿದುಕೊಂಡುದನ್ನು ಮರಳಿಸುವುದು ಇನ್ನೂ ಉಳಿದಿದೆ.