ಗಾಮಾ ಕಿರಣಗಳ ತವರು ಎಲ್ಲಿ?

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಕ್ರಿ.ಶ. 1006, ಹಿಜರಿ 396. ಈಜಿಪ್ಟಿನಲ್ಲಿ ರೊಟ್ಟಿ ಸುಡುವವರೊಬ್ಬರ ಮಗ ಅಲಿ ಇಬ್ನ್ ರಿದ್ವಾನ್ ಆಗಷ್ಟೇ ವಿದ್ಯಾಭ್ಯಾಸ ಆರಂಭಿಸಿದ್ದರು. ಆಕಾಶದಲ್ಲಿ ಹೊಸ ನಕ್ಷತ್ರವೊಂದು ಕಾಣಿಸಿತು. ಮುಂದೆ ಹೆಸರಾಂತ ಹಕೀಮರಾದ ಅವರು ಅದನ್ನು ಬರೆದಿಟ್ಟರು: ಶುಕ್ರಗ್ರಹದ ಎರಡೂವರೆ ಮೂರು ಪಟ್ಟು ಗಾತ್ರ, ಚಂದ್ರನ ಬೆಳಕಿನ ಕಾಲು ಭಾಗಕ್ಕಿಂತ ತುಸು ಹೆಚ್ಚು ಬೆಳಕು. ಆ ದಿನ ಯಾವ ಗ್ರಹ ಎಲ್ಲಿತ್ತೆಂಬುದನ್ನೂ ದಾಖಲಿಸಿದರು. ಅದನ್ನು ಅಪಶಕುನವೆಂದೂ ಬಗೆದರು; ಅದು ಆ ಕಾಲದ ನಂಬಿಕೆ, ಬಿಡಿ. ಆ ಲೆಕ್ಕ ಮಾತ್ರ ಇಂದಿಗೂ ಖಗೋಳ ವಿಜ್ಞಾನಿಗಳ ಕೈಯಲ್ಲಿದೆ.

ಅದು ಹೊಸ ನಕ್ಷತ್ರವಲ್ಲ, ಸುಮಾರು 7000 ಜ್ಯೋತಿರ್ವರ್ಷ ದೂರದಲ್ಲಿ ಸಿಡಿದುಹೋದ ನಕ್ಷತ್ರ. ಅದರ ಚಿಪ್ಪು ಈಗಲೂ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಹಿಗ್ಗುತ್ತಿದೆ. ನಮೀಬಿಯಾದ ಹೆಸ್ ದೂರದರ್ಶಕಗಳು 130 ಗಂಟೆಗಳಷ್ಟು ಕಾಲ ಅದನ್ನು ನೋಡಿದವು. ಚಿಪ್ಪಿನ ಎರಡು ಅಂಚುಗಳಿಂದ ಅತಿ ಶಕ್ತಿಯ ಗಾಮಾ ಕಿರಣಗಳು ಬರುತ್ತಿವೆಯೆಂದು ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದರು.

ಅತಿ ಶಕ್ತಿ ಎಂದರೆ ಎಷ್ಟು? ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣದಲ್ಲಿರುವುದು ಎರಡು ಮೂರು ಎಲೆಕ್ಟ್ರಾನ್ ವೋಲ್ಟ್. ಇವುಗಳಲ್ಲಿ ಲಕ್ಷ ಕೋಟಿ! ಬರೀ ಶಾಖದಿಂದ ಯಾವ ನಕ್ಷತ್ರವೂ ಇಂಥ ಕಿರಣ ಸೂಸಲಾರದು. ಸ್ಫೋಟದ ಆಘಾತದ ಅಲೆಯ ಎರಡೂ ಬದಿಯ ಕಾಂತಕ್ಷೇತ್ರಗಳ ನಡುವೆ ಕಣವೊಂದು ಚೆಂಡಿನಂತೆ ಪುಟಿಯುತ್ತಾ, ಅಲೆ ದಾಟಿದಾಗಲೆಲ್ಲ ಸ್ವಲ್ಪ ಸ್ವಲ್ಪ ಶಕ್ತಿ ಗಳಿಸುತ್ತದೆ. ಆ ಕಣ ಎಲೆಕ್ಟ್ರಾನ್ ಆದರೆ, ಸುತ್ತಲಿನ ಸಾಧಾರಣ ಬೆಳಕಿಗೆ ಡಿಕ್ಕಿ ಹೊಡೆದು ಅದನ್ನೇ ಗಾಮಾ ಕಿರಣವಾಗಿಸುತ್ತದೆ. ಪ್ರೋಟಾನ್ ಆದರೆ, ಅನಿಲಕ್ಕೆ ಬಡಿದು ಪಯಾನ್ ಎಂಬ ಕಣವನ್ನು ಹುಟ್ಟಿಸುತ್ತದೆ. ಅದು ಕ್ಷಣದಲ್ಲಿ ಒಡೆದು ಎರಡು ಗಾಮಾ ಕಿರಣಗಳಾಗುತ್ತದೆ.

ಇದು ಯಾರ ಕೆಲಸ, ಎಲೆಕ್ಟ್ರಾನಿನದೋ ಪ್ರೋಟಾನಿನದೋ? ವಾದವಿರುವುದು ಇಲ್ಲೇ. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಮೇಲೇರಿ ಪತ್ತೆ ಮಾಡಿದ ವಿಶ್ವಕಿರಣಗಳಲ್ಲಿ ಹೆಚ್ಚಿನವು ಪ್ರೋಟಾನ್‌ಗಳು. ವಿದ್ಯುದಂಶವಿರುವ ಅವು ಗ್ಯಾಲಕ್ಸಿಯ ಕಾಂತಕ್ಷೇತ್ರದಲ್ಲಿ ಸುತ್ತಿ ಬಳಸಿ ಬರುವುದರಿಂದ ಅವುಗಳ ಊರು ತಿಳಿಯುವುದಿಲ್ಲ. ಗಾಮಾ ಕಿರಣ ನೆಟ್ಟಗೆ ಬರುತ್ತದೆ. ಅದು ಪ್ರೋಟಾನಿನಿಂದ ಹುಟ್ಟಿದ್ದೆಂದು ಸಾಬೀತಾದರೆ ವಿಶ್ವಕಿರಣಗಳ ತವರೂ ಸಿಕ್ಕಂತೆ. 1006ರ ನಕ್ಷತ್ರದ ಸುತ್ತ ಅನಿಲ ತೀರಾ ವಿರಳ. ಅಲ್ಲಿ ಎಲೆಕ್ಟ್ರಾನಿನ ಪಾಲೇ ಹೆಚ್ಚೆಂದು ನನಗನ್ನಿಸುತ್ತದೆ. 2021ರಲ್ಲಿ ಚೀನಾದ ಲಾಸೋ ವೀಕ್ಷಣಾಲಯ 12 ಮೂಲಗಳನ್ನು ಪ್ರಕಟಿಸಿತು. ಒಂದು ಕಿರಣದ ಶಕ್ತಿಯಂತೂ 1,400 ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟ್! ಆದರೂ ವಾದ ಮುಗಿದಿಲ್ಲ.

ಈ ಕಿರಣಗಳು ನೆಲ ಮುಟ್ಟುವುದಿಲ್ಲ. ವಾಯುಮಂಡಲಕ್ಕೆ ಬಡಿದಾಗ ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗದಷ್ಟು ಹೊತ್ತು ನೀಲಿ ಮಿಂಚು ಹೊಳೆಯುತ್ತದೆ. ಅದನ್ನು ಹಿಡಿಯಲು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,270 ಮೀಟರ್ ಎತ್ತರದಲ್ಲಿ, 21 ಮೀಟರ್ ಅಗಲದ ಮೇಸ್ ದೂರದರ್ಶಕ 2024ರಲ್ಲಿ ಉದ್ಘಾಟನೆಯಾಯಿತು. ಅಲ್ಲೇ ಇರುವ ಇನ್ನೊಂದು ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ಆ ಸಂಸ್ಥೆಯಲ್ಲಿ ಪಿಎಚ್.ಡಿ. ಸೇರಲು ಭೌತಶಾಸ್ತ್ರದವರು ಬರೆಯುವ ಪರೀಕ್ಷೆಗಳಲ್ಲಿ ಜೆಸ್ಟ್ ಎಂಬುದೂ ಒಂದು. ಬಿ.ಎಸ್ಸಿ. ಓದುತ್ತಿರುವ ಹೆಣ್ಣುಮಕ್ಕಳು ಇಲ್ಲಿ ಹಲವರಿದ್ದೀರಿ. ಈ ಹೆಸರನ್ನು ಬರೆದಿಟ್ಟುಕೊಳ್ಳಿ.