ಒಣನೆಲದ ಶೇಂಗಾ: ಮೊದಲು ಮಣ್ಣು, ಆಮೇಲೆ ಎಲೆ
(ಉಪನ್ಯಾಸದ ಬರಹರೂಪ)



ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ತೊರೆಗಳು ಕಡೂರು ತಾಲ್ಲೂಕಿನಲ್ಲಿ ಕೂಡಿ ವೇದಾವತಿಯಾಗುತ್ತವೆ. ಹಿರಿಯೂರಿನ ಬಳಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದಲ್ಲಿ ತಂಗಿ, ಆ ನದಿ ಚಳ್ಳಕೆರೆಯ ಕೆಂಪು ಮರಳು ನೆಲವನ್ನು ಸೇರುತ್ತದೆ. ಎಣ್ಣೆ ಗಿರಣಿಗಳಿಂದ ಹೆಸರಾದ ಆ ಊರಿನ ಸುತ್ತ ಶೇಂಗಾವೇ ಮುಖ್ಯ ಬೆಳೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 500 ಮಿ.ಮೀ. ಆಸುಪಾಸು. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದರ ಹಲವು ಪಟ್ಟು ಮಳೆ ಸುರಿಯುತ್ತದೆ. ನದಿ ಒಂದೇ ಆದರೂ ಬಹುತೇಕ ಶೇಂಗಾ ಹೊಲಗಳಿಗೆ ಅದರ ನೀರು ದೊರೆಯದು. ಅವು ಮುಗಿಲನ್ನೇ ನಂಬಿವೆ. ಆದುದರಿಂದ ಬಿದ್ದ ಮಳೆಯನ್ನು ಬೆಳೆಯ ಕಾಯಿಯವರೆಗೆ ತಲುಪಿಸುವುದು ಹೇಗೆ ಎಂಬುದೇ ಅಲ್ಲಿನ ರೈತನ ಮುಂದಿರುವ ಪ್ರಶ್ನೆ.

ಶೇಂಗಾ ಹೂವನ್ನು ನೆಲದ ಮೇಲೆ ಬಿಟ್ಟು ಕಾಯನ್ನು ನೆಲದೊಳಗೆ ಕಟ್ಟುವ ಗಿಡ. ಹೂ ಬಾಡಿದ ನಂತರ ಸೂಜಿಯಂಥ ಎಳೆಯೊಂದು ಕೆಳಗಿಳಿದು ಮಣ್ಣನ್ನು ಹೊಕ್ಕು, ಅದರ ತುದಿಯಲ್ಲಿ ಕಾಯಿ ಬಲಿಯುತ್ತದೆ. ಬಿತ್ತಿದ ಮೊದಲ ಮೂರು ವಾರಗಳಲ್ಲಿ ಮಳೆ ತುಸು ತಡೆದರೂ ಗಿಡ ಸಹಿಸಿಕೊಳ್ಳಬಲ್ಲದು. ಆದರೆ ಸೂಜಿ ಇಳಿಯುವ ಹಾಗೂ ಕಾಯಿ ಬಲಿಯುವ ಹಂತದಲ್ಲಿ ನೀರು ತಪ್ಪಿದರೆ ನಷ್ಟವನ್ನು ತುಂಬಿಕೊಳ್ಳಲಾಗದು. ಮೇಲ್ಮಣ್ಣು ಗಟ್ಟಿಯಾದಾಗ ಸೂಜಿ ಒಳಗಿಳಿಯುವುದೇ ಇಲ್ಲ.

ಇಲ್ಲಿ ಇನ್ನೊಂದು ಗುಟ್ಟಿದೆ. ಬೇರು ಹೀರಿದ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ನೀರಿನೊಡನೆ ಮೇಲಕ್ಕೇರಿ ಎಲೆಯನ್ನು ಸೇರುತ್ತದೆ. ಅಲ್ಲಿಂದ ಮರಳಿ ಕಾಯಿಗೆ ಇಳಿಯುವುದಿಲ್ಲ. ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ತನ್ನ ಸುತ್ತಲಿನ ಎರಡು ಮೂರು ಅಂಗುಲ ಮೇಲ್ಮಣ್ಣಿನಿಂದ ನೇರವಾಗಿ ಹೀರಿಕೊಳ್ಳಬೇಕು. ಆ ಮಣ್ಣು ಒಣಗಿದರೆ ಸುಣ್ಣದಂಶ ಇದ್ದರೂ ದಕ್ಕದು. ಹೊಲವೆಲ್ಲ ಹಸುರಾಗಿ ಕಂಡು, ಕಿತ್ತು ನೋಡಿದಾಗ ಜೊಳ್ಳು ಕಾಯಿಯೇ ತುಂಬಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಆದುದರಿಂದ ಆರೈಕೆ ಮಣ್ಣಿನಿಂದ ಮೊದಲಾಗಬೇಕು. ಎಕರೆಗೆ 3 ಟನ್‌ನಷ್ಟು ಕೊಟ್ಟಿಗೆ ಗೊಬ್ಬರ ಮರಳು ಮಣ್ಣಿಗೆ ನೀರು ಹಿಡಿಯುವ ಗುಣ ಕೊಡುತ್ತದೆ. ಬೇಸಿಗೆಯಲ್ಲಿ ಹೊಲಕ್ಕೆ ಹೊಡೆಸುವ ಕೆರೆಗೋಡು ಜೇಡಿಯ ಅಂಶವನ್ನು ಹೆಚ್ಚಿಸುತ್ತದೆ. ಆದರೆ ಚೌಳು ಗೋಡು ಬಂದರೆ ಹೊಲವೇ ಕೆಡುವುದರಿಂದ ಮೊದಲು ಪರೀಕ್ಷಿಸುವುದು ಲೇಸು. ಇಳಿಜಾರಿಗೆ ಅಡ್ಡಲಾಗಿ ಬಿತ್ತಿ, ನಡುವೆ ತೊಗರಿಯ ಅಕ್ಕಡಿ ಸಾಲು ಇಟ್ಟು, ಅದರ ಪಕ್ಕದಲ್ಲಿ ನೀರು ನಿಲ್ಲುವ ಸಾಲು ತೆಗೆದರೆ ಹರಿದು ಹೋಗುವ ಮಳೆ ಹೊಲದಲ್ಲೇ ಇಂಗುತ್ತದೆ.

ಬಿತ್ತಿದ 30-35ನೆಯ ದಿನ, ನೆಲದಲ್ಲಿ ಹದವಿದ್ದಾಗ, ಎಕರೆಗೆ 200 ಕಿಲೋ ಜಿಪ್ಸಮ್ಮನ್ನು ಗಿಡದ ಬುಡದ ಸಾಲಿಗೆ ಹಾಕಿ ಮಣ್ಣೇರಿಸಬೇಕು. ಜಿಪ್ಸಂ ಕ್ಯಾಲ್ಸಿಯಂ ಜೊತೆಗೆ ಗಂಧಕವನ್ನೂ ಕೊಡುತ್ತದೆ. ಕಾಳಿನಲ್ಲಿ ಎಣ್ಣೆ ಕೂಡಲು ಗಂಧಕ ಅಗತ್ಯ. 45 ದಿನ ಕಳೆದ ಮೇಲೆ ಕುಂಟೆ ಹೊಡೆಯಬಾರದು. ಇಳಿದ ಸೂಜಿಗಳು ಕಿತ್ತುಬರುತ್ತವೆ.

ಇನ್ನು ಎಲೆಯ ಆರೈಕೆ. ಒಣ ಮಣ್ಣಿನಲ್ಲಿ ಬೇರು ಸೋತಾಗ ಅಲ್ಪ ಪ್ರಮಾಣದ ಪೋಷಕಾಂಶವನ್ನು ಎಲೆ ಹೀರಬಲ್ಲದು. 10 ಲೀಟರ್ ನೀರಿಗೆ 100 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಬೆರೆಸಿದರೆ ಶೇ. 1ರ ದ್ರಾವಣ. ಎಲೆಯ ಉಸಿರುರಂಧ್ರಗಳು ತೆರೆದು ಮುಚ್ಚುವುದನ್ನು ಹದದಲ್ಲಿಡುವುದು ಪೊಟ್ಯಾಸಿಯಂ. ಒಣಹವೆ ಮುರಿದು ಮಳೆ ಬಂದೊಡನೆ 10 ಲೀಟರಿಗೆ 200 ಗ್ರಾಂ ಯೂರಿಯಾದ ಸಿಂಪರಣೆ ಗಿಡದ ಚೇತರಿಕೆಗೆ ನೆರವಾಗುತ್ತದೆ. ಕಯೋಲಿನ್ ಎಂಬ ಬಿಳಿ ಜೇಡಿಯ ತೆಳು ಲೇಪ ಬಿಸಿಲನ್ನು ಹಿಂದಕ್ಕೆ ಚಿಮ್ಮಿಸಿ ಎಲೆಯ ಕಾವನ್ನು ತಗ್ಗಿಸುತ್ತದೆ. ಸಿಂಪರಣೆಗೆ ಬೆಳಗಿನ ಅಥವಾ ಸಂಜೆಯ ತಂಪು ಹೊತ್ತೇ ಸೂಕ್ತ. ನಡುಹಗಲಿನಲ್ಲಿ, ಬಾಡಿದ ಗಿಡಕ್ಕೆ ಹೊಡೆದರೆ ಎಲೆಯ ಅಂಚು ಸುಡುತ್ತದೆ.

ಆದರೆ ಎಲೆಗೆ ಹೊಡೆದದ್ದು ಮಳೆಗೆ ಬದಲಿಯಾಗದು. ಎಲೆಗೆ ಹೊಡೆದ ಕ್ಯಾಲ್ಸಿಯಂ ಕಾಯನ್ನು ತುಂಬಿಸದು ಎಂಬುದನ್ನು ಮೇಲಿನ ಗುಟ್ಟೇ ತಿಳಿಸುತ್ತದೆ. ಬೀಜಕ್ಕೆಂದು ಆಗಲೇ ಸಾಲ ಮಾಡಿರುವ ರೈತ, ಬರದ ಭಯದಲ್ಲಿ ಅಂಗಡಿಯ ಬಾಟಲಿಗೆ ಮತ್ತೊಂದು ಸಾಲ ಮಾಡುವ ಮೊದಲು ಇದನ್ನು ಅರಿತಿರಬೇಕು.

ಬರದ ಪೆಟ್ಟು ಇಳುವರಿಗೆ ಮಾತ್ರ ಸೀಮಿತವಲ್ಲ. ಕೊಯ್ಲಿಗೆ ಮುಂಚಿನ ಮೂರು ನಾಲ್ಕು ವಾರ ನೆಲ ಒಣಗಿ ಕಾದರೆ ಕಾಳಿಗೆ ಬೂಷ್ಟು ತಗುಲಿ ಅಫ್ಲಟಾಕ್ಸಿನ್ ಎಂಬ ವಿಷ ಸೇರುತ್ತದೆ. ಅಂಥ ಶೇಂಗಾದ ಹಿಂಡಿ ತಿಂದ ಹಸುವಿನ ಹಾಲಿನಲ್ಲೂ ವಿಷದ ಅಂಶ ಕಾಣಿಸಿಕೊಳ್ಳುತ್ತದೆ. ಅಲುಗಿಸಿದರೆ ಕಾಳು ಸದ್ದು ಮಾಡುವಷ್ಟು ಕಾಯನ್ನು ಒಣಗಿಸಿ, ಒಡೆದ, ಬೂಷ್ಟು ಹಿಡಿದ ಕಾಯಿಗಳನ್ನು ಬೇರ್ಪಡಿಸುವುದು ಮನೆಯಲ್ಲೇ ಆಗಬಹುದಾದ ರಕ್ಷಣೆ. ಬಯಲಿನಿಂದ ಹಿಂಡಿ ತರಿಸುವ ಗುಡ್ಡದ ಮನೆಗಳಿಗೂ ಈ ಮಾತು ಸಲ್ಲುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಯಾವುದೇ ಹೊಲದಲ್ಲಿ ನಾಲ್ಕು ಸಾಲಿಗೆ ಜಿಪ್ಸಂ, ನಾಲ್ಕಕ್ಕೆ ಸಿಂಪರಣೆ, ನಾಲ್ಕಕ್ಕೆ ಎರಡೂ, ಉಳಿದ ನಾಲ್ಕಕ್ಕೆ ಏನೂ ಇಲ್ಲದಂತೆ ಬಿಡಿಸಿರಿ. ಕೊಯ್ಲಿನ ದಿನ ಒಣ ಕಾಯಿಯನ್ನು ತೂಗಿ, ಜೊಳ್ಳನ್ನು ಎಣಿಸಿ, ಮಾಡಿದ ಖರ್ಚಿನ ಪಕ್ಕದಲ್ಲಿ ಬರೆಯಿರಿ. ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಬೇಡ ಎಂಬುದನ್ನು ಆ ಹೊಲದ ಲೆಕ್ಕವೇ ಹೇಳುತ್ತದೆ.